ಹೋಸ್ಟಿಂಗ್ ಕಂಪನಿಯ ಸ್ವಂತ ವೆಬ್‌ಸೈಟ್ ಎಲ್ಲಿರಬೇಕು? ಮಲೆನಾಡಿನ ಸಣ್ಣ ಕಂಪನಿಗಳಿಗೆ ಒಂದು ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ವೆಬ್‌ಸೈಟ್ ಮಾಡಿಕೊಡುವವರು ಈಗ ತುಂಬ ಜನ ಇದ್ದಾರೆ. ಸೈಟ್ ಮಾಡಿಕೊಟ್ಟ ಮೇಲೆ ಹೋಸ್ಟಿಂಗ್ ಕೂಡ ಅವರೇ ಕೊಡುತ್ತಾರೆ. ಬೆಂಗಳೂರಲ್ಲೋ ಮುಂಬೈಯಲ್ಲೋ ಒಂದು ಸರ್ವರ್ ಬಾಡಿಗೆಗೆ ಹಿಡಿಯುತ್ತಾರೆ. ಅಡಿಕೆ ಮಂಡಿ, ಹೋಂಸ್ಟೇ, ಸೊಸೈಟಿ, ಶಾಲೆ, ಎಲ್ಲರ ಸೈಟೂ ಅದರಲ್ಲೇ. ಗ್ರಾಹಕರು ಹೆಚ್ಚುತ್ತಾ ಹೋದ ಹಾಗೆ ಒಂದು ಪ್ರಶ್ನೆ ಎದುರಾಗುತ್ತದೆ: ನಮ್ಮ ಸ್ವಂತ ಸೈಟ್ ಎಲ್ಲಿಡುವುದು? ನಮ್ಮದೇ ಸರ್ವರ್‌ನಲ್ಲೋ, ಬೇರೆಯವರ ಹತ್ತಿರವೋ?

"ನಮ್ಮ ಸರ್ವರ್ ಮೇಲೆ ನಮಗೇ ನಂಬಿಕೆ ಇಲ್ಲದಿದ್ದರೆ ಗ್ರಾಹಕರು ಯಾಕೆ ನಂಬುತ್ತಾರೆ?" ಅನ್ನುವವರಿದ್ದಾರೆ. ಅದರಲ್ಲಿ ಅರ್ಥವಿದೆ. "ಸರ್ವರ್ ಬಿದ್ದಾಗ ನಮ್ಮ ಸೈಟೂ ಬಿದ್ದರೆ ಗ್ರಾಹಕರು ಎಲ್ಲಿಗೆ ಬರಬೇಕು?" ಅನ್ನುವವರೂ ಇದ್ದಾರೆ. ಅದರಲ್ಲೂ ಅರ್ಥವಿದೆ. ಇಬ್ಬರ ಮಾತೂ ಸರಿಯಾಗಿ ಕಾಣುವುದಕ್ಕೆ ಕಾರಣ ಇಷ್ಟೇ: ಹೋಸ್ಟಿಂಗ್ ಕಂಪನಿಯ ಸೈಟ್ ಒಂದೇ ವಸ್ತು ಅಲ್ಲ. ಪ್ಲಾನ್, ಬೆಲೆ ತೋರಿಸುವ ಮುಖಪುಟ ಒಂದು. ಗ್ರಾಹಕರು ಲಾಗಿನ್ ಆಗಿ ಬಿಲ್ ಕಟ್ಟುವ ಜಾಗ ಇನ್ನೊಂದು. ದೂರು ಬರುವ ಇಮೇಲ್ ಬೇರೆ, ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್ ಬೇರೆ, ಬ್ಯಾಕಪ್ ಬೇರೆ. ಸರ್ವರ್ ಕೆಟ್ಟಿದೆ ಎಂದು ತಿಳಿಸುವ ಪುಟ ಮತ್ತೊಂದು. ಆ ಪುಟ ಬಹಳಷ್ಟು ಕಡೆ ಇರುವುದೇ ಇಲ್ಲ.

ನಾನು ಹೇಳುವುದು ಇದು. ಮುಖಪುಟ ನಿಮ್ಮ ಸರ್ವರ್‌ನಲ್ಲೇ ಇರಲಿ. ಸರ್ವರ್ ಕೆಟ್ಟ ದಿನ ಗ್ರಾಹಕರಿಗೂ ನಿಮಗೂ ಯಾವುದು ಬೇಕೋ, ಅದು ಒಂದೂ ಆ ಸರ್ವರ್‌ನಲ್ಲಿ ಇರಬಾರದು.

ಮಳೆಗಾಲದ ಒಂದು ಶುಕ್ರವಾರ ಅಂದುಕೊಳ್ಳಿ. ಆಗುಂಬೆ ಕಡೆಯ ಹೋಂಸ್ಟೇಯವರಿಗೆ ವಾರಾಂತ್ಯದ ಬುಕಿಂಗ್ ಬರುವ ಹೊತ್ತು. ಸೈಟ್ ತೆರೆಯುತ್ತಿಲ್ಲ. ಅವರು ನಿಮ್ಮ ಸೈಟಿಗೆ ಹೋಗುತ್ತಾರೆ, ಅದೂ ತೆರೆಯುತ್ತಿಲ್ಲ. ನಿಮ್ಮ ಫೋನ್ ನಂಬರ್ ಇರುವುದು ಆ ಸೈಟಿನಲ್ಲೇ. ಇಮೇಲ್ ಕಳಿಸುತ್ತಾರೆ, ಅದು ಹೋಗಬೇಕಾದದ್ದೂ ಅದೇ ಸರ್ವರ್‌ಗೆ. ಕೊನೆಗೆ ಯಾರ ಹತ್ತಿರವೋ ನಂಬರ್ ಹುಡುಕಿ ಫೋನ್ ಮಾಡಿ, "ಎಂತ ಮಾರಾಯ್ರೆ, ನಮ್ಮದೂ ಓಪನ್ ಆಗ್ತಿಲ್ಲ, ನಿಮ್ಮದೂ ಆಗ್ತಿಲ್ಲ. ಅಂಗಡಿ ಮುಚ್ಚಿದ್ರಾ?" ಅನ್ನುತ್ತಾರೆ. ಸರ್ವರ್ ಒಂದು ಗಂಟೆ ನಿಂತರೆ ಜನ ಸಹಿಸುತ್ತಾರೆ. ಕಂಪನಿಯೇ ಕಣ್ಮರೆಯಾಯಿತು ಅನ್ನಿಸಿದರೆ ಸಹಿಸುವುದಿಲ್ಲ.

ಹಾಗಾಗಿ ಕೆಲಸವನ್ನು ಮುಖಪುಟದಿಂದ ಶುರು ಮಾಡಬೇಡಿ. ಅದು ಕೊನೆಗೆ.

ಮೊದಲು: ಆಫೀಸಿನಲ್ಲಿ ಸರ್ವರ್ ಇಡುವ ಆಸೆ ಬಿಡಿ

ಸವಳಂಗ ರಸ್ತೆಯಲ್ಲೋ ದುರ್ಗಿಗುಡಿಯಲ್ಲೋ ಆಫೀಸಿದೆ, ಫೈಬರ್ ಬಂದಿದೆ, ಒಂದು ಒಳ್ಳೆ ಕಂಪ್ಯೂಟರ್ ಇಟ್ಟು ನಮ್ಮ ಸೈಟ್ ಅದರಲ್ಲೇ ಓಡಿಸೋಣ ಅಂತ ಅನ್ನಿಸುತ್ತದೆ. ಬೇಡ. ಶರಾವತಿಯ ಕರೆಂಟ್ ತಯಾರಾಗುವುದು ನಮ್ಮ ಜಿಲ್ಲೆಯಲ್ಲೇ ಆದರೂ, ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಲೈನ್ ಹರಿದರೆ ಯುಪಿಎಸ್ ಎಷ್ಟು ಹೊತ್ತು ಎಳೆಯುತ್ತದೆ? ಫೈಬರ್ ಕೂಡ ಅದೇ ಕಂಬಗಳ ಮೇಲೆ ಬಂದಿರುತ್ತದೆ. ಎರಡೂ ಒಟ್ಟಿಗೇ ಹೋಗುತ್ತವೆ. ಸಾಮಾನ್ಯ ಬ್ರಾಡ್‌ಬ್ಯಾಂಡ್‌ನಲ್ಲಿ ಸ್ಥಿರ ಐಪಿ ಇರುವುದಿಲ್ಲ. ಐಪಿಯಿಂದ ಹೆಸರು ತೋರಿಸುವ ಪಿಟಿಆರ್ ದಾಖಲೆ ನಿಮ್ಮ ಕೈಯಲ್ಲಿರುವುದಿಲ್ಲ, ಹಾಗಾಗಿ ಅಲ್ಲಿಂದ ಹೋದ ಮೇಲ್‌ಗಳು ಸ್ಪ್ಯಾಮ್‌ಗೆ ಬೀಳುತ್ತವೆ.

ಊರಲ್ಲೇ ಇದ್ದರೆ ವೇಗ ಜಾಸ್ತಿ ಅನ್ನುವುದೂ ಪೂರ್ತಿ ನಿಜವಲ್ಲ. ಬೇರೆ ಬೇರೆ ಇಂಟರ್ನೆಟ್ ಕಂಪನಿಗಳ ಜಾಲಗಳು ಒಂದನ್ನೊಂದು ಕೂಡುವುದು ಹೆಚ್ಚಾಗಿ ಬೆಂಗಳೂರು, ಚೆನ್ನೈ, ಮುಂಬೈಯಂಥ ಊರುಗಳಲ್ಲಿ. ವಿನೋಬನಗರದ ಮೊಬೈಲಿನಿಂದ ದುರ್ಗಿಗುಡಿಯ ಸರ್ವರ್‌ಗೆ ಹೋಗುವ ಮಾಹಿತಿ ಬೆಂಗಳೂರಿಗೆ ಹೋಗಿ ವಾಪಸ್ ಬರುವ ಸಂಭವವೇ ಹೆಚ್ಚು. ಬೆಳಕು ಫೈಬರ್ ಒಳಗೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿರಲಿ ಮುಂಬೈಯಿರಲಿ, ನಮ್ಮ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಮೆರಿಕದ ಸರ್ವರ್ ಆದರೆ ಗೊತ್ತಾಗುತ್ತದೆ. ಗ್ರಾಹಕರೆಲ್ಲ ಈ ಕಡೆಯವರೇ ಆಗಿದ್ದರೆ ಭಾರತದೊಳಗಿನ ಡೇಟಾ ಸೆಂಟರ್ ಸಾಕು. ಆಫೀಸಿನ ಜಾಗವನ್ನು ಬ್ಯಾಕಪ್‌ಗೆ ಇಟ್ಟುಕೊಳ್ಳಿ, ಅದಕ್ಕೆ ಮುಂದೆ ಬರುತ್ತೇನೆ.

ಡಿಎನ್‌ಎಸ್: ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲಿ ಕೊಡಿ

ಸಣ್ಣ ಕಂಪನಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದು: ಎನ್‌ಎಸ್1, ಎನ್‌ಎಸ್2 ಅಂತ ಎರಡು ನೇಮ್‌ಸರ್ವರ್ (ಡಿಎನ್‌ಎಸ್ ಉತ್ತರ ಕೊಡುವ ಸರ್ವರ್) ಹೆಸರು. ಎರಡೂ ಒಂದೇ ಯಂತ್ರದ ಎರಡು ಐಪಿಗಳು. ಕಂಟ್ರೋಲ್ ಪ್ಯಾನೆಲ್ ಎರಡು ಹೆಸರು ಕೇಳುತ್ತದೆ ಅಂತ ಕೊಟ್ಟಿದ್ದು ಅಷ್ಟೇ. ಆ ಯಂತ್ರ ನಿಂತರೆ ಸೈಟ್ ಮಾತ್ರ ಅಲ್ಲ, ಹೆಸರೇ ಇಲ್ಲದಂತಾಗುತ್ತದೆ. ಗ್ರಾಹಕರ ಇಮೇಲ್ ಬೇರೆ ಕಂಪನಿಯಲ್ಲಿದ್ದರೂ ಅದೂ ಕೆಲಸ ಮಾಡುವುದಿಲ್ಲ, ಯಾಕೆಂದರೆ ಮೇಲ್ ಎಲ್ಲಿಗೆ ಹೋಗಬೇಕು ಎಂದು ಹೇಳುವವರೇ ಇಲ್ಲ.

ನೇಮ್‌ಸರ್ವರ್‌ಗಳು ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ನೆಟ್‌ವರ್ಕ್‌ನಲ್ಲಿ ಇರಬೇಕು ಎಂದು 1997ರಲ್ಲೇ ಆರ್‌ಎಫ್‌ಸಿ 2182 ಎಂಬ ಇಂಟರ್ನೆಟ್ ಮಾರ್ಗಸೂಚಿ ಹೇಳಿದೆ. ಆದರೂ ದೊಡ್ಡವರೇ ಎಡವಿದ್ದಾರೆ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಎಲ್ಲ ಒಟ್ಟಿಗೆ ನಿಂತಿದ್ದು ನಿಮಗೂ ನೆನಪಿರಬಹುದು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ಅವರ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕ ಕಡಿದುಹೋಯಿತು. ಅದನ್ನು ಕಂಡ ಅವರ ಡಿಎನ್‌ಎಸ್ ಸರ್ವರ್‌ಗಳು ತಾವೇ ಇಂಟರ್ನೆಟ್‌ನಿಂದ ಹಿಂದೆ ಸರಿದವು. ಸರಿಪಡಿಸಬೇಕಾದ ಎಂಜಿನಿಯರ್‌ಗಳ ಒಳಗಿನ ಸಾಧನಗಳೂ ಅದೇ ಜಾಲವನ್ನು ನಂಬಿಕೊಂಡಿದ್ದವು, ಅವೂ ನಿಂತವು. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಮತ್ತೆ ಎದ್ದು ನಿಲ್ಲಲು ಸುಮಾರು 6 ಗಂಟೆ ಬೇಕಾಯಿತು.

ನೀವು ಮಾಡಬೇಕಾದದ್ದು ಕಷ್ಟವಲ್ಲ. ನಿಮ್ಮ ಕಂಪನಿಯ ಡೊಮೇನ್‌ನ ಡಿಎನ್‌ಎಸ್ ಅನ್ನು ಸಂಪೂರ್ಣವಾಗಿ ಬೇರೆಯವರಲ್ಲಿ ಇಡಿ. ಕ್ಲೌಡ್‌ಫ್ಲೇರ್‌ನಂಥ ಕಡೆ ಇದು ಉಚಿತವಾಗಿಯೂ ಸಿಗುತ್ತದೆ. ಗ್ರಾಹಕರ ಡೊಮೇನ್‌ಗಳಿಗೆ ನಿಮ್ಮದೇ ನೇಮ್‌ಸರ್ವರ್ ಬೇಕು ಅಂದರೆ, ಒಂದನ್ನು ಈಗಿನ ಸರ್ವರ್‌ನಲ್ಲೇ ಬಿಡಿ, ಇನ್ನೊಂದನ್ನು ಬೇರೆ ಕಂಪನಿಯ, ಬೇರೆ ಊರಿನ ಸಣ್ಣ ವಿಪಿಎಸ್‌ನಲ್ಲಿ (ದೊಡ್ಡ ಯಂತ್ರದ ಒಂದು ಪಾಲನ್ನು ಬಾಡಿಗೆಗೆ ಕೊಡುವ ಸರ್ವರ್) ಹಾಕಿ. ಡಿಎನ್‌ಎಸ್ ಹಗುರವಾದ ಕೆಲಸ, ತೀರಾ ಅಗ್ಗದ ವಿಪಿಎಸ್ ಸಾಕು. ಎರಡನೆಯದಕ್ಕೆ ವಲಯದ ಮಾಹಿತಿ, ಅಂದರೆ ಪ್ರತಿ ಡೊಮೇನ್‌ನ ಡಿಎನ್‌ಎಸ್ ದಾಖಲೆಗಳು, ತಾನಾಗಿ ನಕಲಾಗುವ ಹಾಗೆ ಹೊಂದಿಸಿ. ಡೊಮೇನ್ ಕೊಂಡ ಕಂಪನಿ, ಅಂದರೆ ರಿಜಿಸ್ಟ್ರಾರ್ ಬಳಿ ಇರುವ ಗ್ಲೂ ರೆಕಾರ್ಡ್‌ನಲ್ಲಿ (ನೇಮ್‌ಸರ್ವರ್‌ನ ಐಪಿ ಹೇಳುವ ದಾಖಲೆ) ಹೊಸ ಐಪಿ ಬರೆಸುವುದನ್ನು ಮರೆಯಬೇಡಿ. ಇದನ್ನು ಬಿಟ್ಟರೆ ಮಾಡಿದ್ದೆಲ್ಲ ದಂಡ.

"ಕೆಟ್ಟಾಗ ನೇಮ್‌ಸರ್ವರ್ ಬದಲಾಯಿಸಿದರಾಯಿತು" ಅನ್ನುವವರಿಗೆ ಒಂದು ಮಾತು. ಡಾಟ್ ಕಾಮ್ ಹೆಸರುಗಳಿಗೆ ಮೇಲಿನ ಹಂತದಲ್ಲಿರುವ ನೇಮ್‌ಸರ್ವರ್ ದಾಖಲೆಯ ಟಿಟಿಎಲ್ (ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ) 1,72,800 ಸೆಕೆಂಡ್. ಅಂದರೆ ಎರಡು ದಿನ. ಹಳೆಯ ವಿಳಾಸವನ್ನು ನೆನಪಿಟ್ಟುಕೊಂಡ ಇಂಟರ್ನೆಟ್ ಕಂಪನಿಗಳು ಅಷ್ಟು ಹೊತ್ತು ಅದನ್ನೇ ಕೇಳುತ್ತಿರಬಹುದು. ನೇಮ್‌ಸರ್ವರ್ ಬದಲಾವಣೆ ಎಲ್ಲ ಸರಿಯಿರುವ ದಿನ ಮಾಡುವ ಕೆಲಸ. ಅದೇ ಡಿಎನ್‌ಎಸ್ ಗಟ್ಟಿಯಾಗಿ ನಿಂತಿದ್ದರೆ, ನಿಮ್ಮ ಮುಖಪುಟದ ಐಪಿ ಹೇಳುವ ಎ ರೆಕಾರ್ಡ್‌ಗೆ 300 ಸೆಕೆಂಡ್ ಟಿಟಿಎಲ್ ಇಟ್ಟುಕೊಂಡರೆ ಸಾಕು. ಐದು ನಿಮಿಷದಲ್ಲಿ ಬಹುಪಾಲು ಜನರನ್ನು ಬೇರೆ ಕಡೆ ತಿರುಗಿಸಬಹುದು.

ಸ್ಟೇಟಸ್ ಪುಟ

ಸರ್ವರ್ ಸ್ಥಿತಿ ತಿಳಿಸುವ ಪುಟ ಬೇರೆ ಕಂಪನಿಯಲ್ಲಿರಲಿ. ಸಾಧ್ಯವಾದರೆ ಬೇರೆ ಡೊಮೇನ್‌ನಲ್ಲಿ, ಬೇರೆ ರಿಜಿಸ್ಟ್ರಾರ್ ಬಳಿ ಇರಲಿ. ಸುಮ್ನೆ ಒಂದು ಎಚ್‌ಟಿಎಂಎಲ್ ಪುಟ ಸಾಕು. ಗಿಟ್‌ಹಬ್ ಪೇಜಸ್‌ನಂಥ ಕಡೆ ಖರ್ಚಿಲ್ಲದೆ ಇಡಬಹುದು. ಡೇಟಾಬೇಸ್, ವರ್ಡ್‌ಪ್ರೆಸ್ ಯಾವುದೂ ಬೇಡ. ನಿಮ್ಮ ಮುಖ್ಯ ಸೈಟಿನ ಲೋಗೋ, ಫಾಂಟ್ ಅಲ್ಲಿಂದಲೇ ತರುವ ಹಾಗೆ ಮಾಡಬೇಡಿ. ಸರ್ವರ್ ನಿಂತಾಗ ಈ ಪುಟವೂ ಅರ್ಧ ತೆರೆದು ನೇತಾಡುತ್ತದೆ.

2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಸೇವೆ ಅಮೆರಿಕದ ಒಂದು ಭಾಗದಲ್ಲಿ ನಿಂತುಹೋಯಿತು. ಒಂದು ಆದೇಶ ತಪ್ಪಾಗಿ ಟೈಪ್ ಆಗಿ, ಬೇಕಿದ್ದಕ್ಕಿಂತ ಜಾಸ್ತಿ ಸರ್ವರ್‌ಗಳು ಹೊರಬಿದ್ದಿದ್ದವು. ಅವರ ಸ್ಟೇಟಸ್ ಪುಟವನ್ನು ತಿದ್ದುವ ವ್ಯವಸ್ಥೆಯೂ ಎಸ್3 ಮೇಲೆಯೇ ನಿಂತಿತ್ತು. ಹಾಗಾಗಿ ಸ್ವಲ್ಪ ಹೊತ್ತು ಪುಟದಲ್ಲಿ ಎಲ್ಲವೂ ಸರಿ ಎಂದೇ ಕಾಣುತ್ತಿತ್ತು. ಟ್ವಿಟರ್‌ನಲ್ಲಿ ಸುದ್ದಿ ಹಾಕಬೇಕಾಯಿತು.

ಈ ಪುಟವನ್ನು ಮೊಬೈಲಿನಿಂದಲೇ ತಿದ್ದಲು ಬರಬೇಕು. ನೀವು ಮದುವೆ ಮನೆಯಲ್ಲಿರುತ್ತೀರಿ, ತೋಟದಲ್ಲಿರುತ್ತೀರಿ, ಲ್ಯಾಪ್‌ಟಾಪ್ ಹತ್ತಿರ ಇರುವುದಿಲ್ಲ. ಬರೆಯುವುದನ್ನು ಕನ್ನಡದಲ್ಲೇ ಬರೆಯಿರಿ. ಉದಾಹರಣೆಗೆ ಹೀಗೆ:

"ಬೆಳಗ್ಗೆ 9.40. ನಮ್ಮ 2ನೇ ಸರ್ವರ್‌ನಲ್ಲಿರುವ ಸೈಟ್‌ಗಳು 9.25ರಿಂದ ತೆರೆಯುತ್ತಿಲ್ಲ. ಡಿಸ್ಕ್ ಕೈಕೊಟ್ಟಿದೆ, ಡೇಟಾ ಸೆಂಟರ್‌ನವರು ಬದಲಾಯಿಸುತ್ತಿದ್ದಾರೆ. ಇಮೇಲ್‌ಗೆ ತೊಂದರೆ ಇಲ್ಲ. ಮುಂದಿನ ಸುದ್ದಿ 10.15ಕ್ಕೆ ಹಾಕುತ್ತೇವೆ, ಸರಿಯಾಗದಿದ್ದರೂ ಹಾಕುತ್ತೇವೆ."

ಯಾವುದು ಕೆಟ್ಟಿದೆ, ಯಾವುದು ಸರಿಯಿದೆ, ಮತ್ತೆ ಯಾವಾಗ ಹೇಳುತ್ತೀರಿ. ಇಷ್ಟಿದ್ದರೆ ಫೋನ್ ಕರೆಗಳು ಕಡಿಮೆಯಾಗುತ್ತವೆ, ನಿಮಗೆ ಕೆಲಸ ಮಾಡಲು ಕೈ ಬಿಡುವಾಗುತ್ತದೆ. ಎಷ್ಟು ಹೊತ್ತಿಗೆ ಸರಿಯಾಗುತ್ತದೆ ಅಂತ ಖಚಿತವಾಗಿ ಗೊತ್ತಿಲ್ಲದೆ ಸಮಯ ಕೊಡಬೇಡಿ.

ಈ ಪುಟದ ವಿಳಾಸವನ್ನು ಪ್ರತಿ ಬಿಲ್ಲಿನ ಕೆಳಗೆ ಅಚ್ಚು ಮಾಡಿ, ಜೊತೆಗೆ ಫೋನ್ ನಂಬರ್ ಕೂಡ. ವಾಟ್ಸಾಪ್ ಗುಂಪು ಇದೆಯಲ್ಲ ಅಂತ ಸುಮ್ಮನಾಗಬೇಡಿ. ಅದೂ ನಿಲ್ಲುತ್ತದೆ ಎಂದು 2021ರಲ್ಲೇ ನೋಡಿದ್ದೇವೆ.

ಇಮೇಲ್ ಮತ್ತು ಲಾಗಿನ್‌ಗಳು

ಗ್ರಾಹಕರ ಮೇಲ್ ಓಡುವ ಸರ್ವರ್‌ನಲ್ಲೇ ನಿಮ್ಮ ಸಪೋರ್ಟ್ ಮೇಲ್ ಇಡಬೇಡಿ. ಸರ್ವರ್ ನಿಂತಾಗ ಬಂದ ಮೇಲ್ ಹಾಳಾಗುವುದಿಲ್ಲ ನಿಜ. ಕಳಿಸಿದವರ ಕಡೆಯ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆದರೆ ದೂರು ನಾಳೆ ಕೈಗೆ ಬಂದರೆ ಏನು ಉಪಯೋಗ? ಇನ್ನೊಂದು ತೊಂದರೆಯೂ ಇದೆ. ಗ್ರಾಹಕರಲ್ಲಿ ಯಾರದೋ ಹಳೆಯ ವರ್ಡ್‌ಪ್ರೆಸ್‌ಗೆ ಕನ್ನ ಬಿದ್ದು, ಅಲ್ಲಿಂದ ಸ್ಪ್ಯಾಮ್ ಹೋಗಿ, ಸರ್ವರ್‌ನ ಐಪಿ ಕಪ್ಪುಪಟ್ಟಿಗೆ ಸೇರಿದರೆ, ನೀವು ಕಳಿಸುವ ಬಿಲ್ಲೂ ಜನರಿಗೆ ತಲುಪುವುದಿಲ್ಲ. ಜೋಹೋ, ಗೂಗಲ್, ಯಾರದ್ದಾದರೂ ಆಗಲಿ, ಮೇಲ್ ಬೇರೆ ಕಡೆ ಇರಲಿ.

ಇಲ್ಲಿ ಇನ್ನೊಂದು ಸಣ್ಣ ಕೆಲಸವಿದೆ, ಬಹಳ ಮುಖ್ಯವಾದದ್ದು. ರಿಜಿಸ್ಟ್ರಾರ್ ಖಾತೆಗೆ, ಡೇಟಾ ಸೆಂಟರ್ ಖಾತೆಗೆ, ಡಿಎನ್‌ಎಸ್ ಖಾತೆಗೆ ಯಾವ ಇಮೇಲ್ ಕೊಟ್ಟಿದ್ದೀರಿ ನೋಡಿ. ಅದು ನಿಮ್ಮದೇ ಕಂಪನಿ ಡೊಮೇನ್‌ನ ವಿಳಾಸವಾಗಿದ್ದರೆ ಇವತ್ತೇ ಬದಲಿಸಿ. ಡೊಮೇನ್ ಅವಧಿ ಮುಗಿದು ನಿಂತ ದಿನ, ಪಾಸ್‌ವರ್ಡ್ ಬದಲಿಸುವ ಮೇಲ್ ಬರುವುದು ಆ ನಿಂತುಹೋದ ಡೊಮೇನ್‌ಗೇ. ಎರಡು ಹಂತದ ಲಾಗಿನ್ ಹಾಕಿ. ಅದರ ಬದಲಿ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ.

ಬಿಲ್ಲಿಂಗ್

ಗ್ರಾಹಕರ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಇರುವುದು ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ. ಅದಕ್ಕಿಂತ ಅಪಾಯದ್ದು, ಹೊಸ ಖಾತೆ ತೆರೆಯಲು ಸರ್ವರ್‌ನ ಕೀಲಿಗಳೂ ಅದರಲ್ಲೇ ಇರುತ್ತವೆ. ಇದು ಗ್ರಾಹಕರ ಸೈಟ್‌ಗಳ ಪಕ್ಕದಲ್ಲಿ ಇರಲೇಬಾರದು. ಪಕ್ಕದ ಸೈಟಿಗೆ ನುಗ್ಗಿದವನು ಇಲ್ಲಿಗೂ ದಾರಿ ಹುಡುಕುತ್ತಾನೆ. ಇದಕ್ಕೆ ಪ್ರತ್ಯೇಕ ವಿಪಿಎಸ್ ತೆಗೆದುಕೊಳ್ಳಿ, ಅದರಲ್ಲಿ ಬೇರೇನೂ ಬೇಡ. ಅಡ್ಮಿನ್ ಪುಟ ನಿಮ್ಮ ವಿಪಿಎನ್ (ನಿಮ್ಮವರಿಗೆ ಮಾತ್ರ ತೆರೆದ ಖಾಸಗಿ ಸಂಪರ್ಕ) ಮೂಲಕ ಮಾತ್ರ ತೆರೆಯಲಿ.

ಬೇರೆಯವರ ಹತ್ತಿರ ಇಟ್ಟರೆ ನಿಶ್ಚಿಂತೆ ಅಂತಲೂ ಅಲ್ಲ. ಹೋಸ್ಟಿಂಗ್ ಕಂಪನಿಗಳು ಬಳಸುವ ಬಿಲ್ಲಿಂಗ್ ಸಾಫ್ಟ್‌ವೇರ್ ಡಬ್ಲ್ಯುಎಚ್‌ಎಂಸಿಎಸ್‌ನವರ ಸ್ವಂತ ಸೈಟಿಗೇ 2012ರ ಮೇ ತಿಂಗಳಲ್ಲಿ ಕನ್ನ ಬಿತ್ತು. ಒಳನುಗ್ಗಿದವರು ಸಾಫ್ಟ್‌ವೇರ್ ಲೋಪ ಬಳಸಲಿಲ್ಲ. ಅವರ ಹೋಸ್ಟಿಂಗ್ ಕಂಪನಿಯನ್ನು ಸಂಪರ್ಕಿಸಿ, ತಾವೇ ಮಾಲೀಕರು ಎಂದು ನಂಬಿಸಿ ಲಾಗಿನ್ ವಿವರ ಪಡೆದರು. ಹಾಗಾಗಿ ನೀವು ಆರಿಸಿಕೊಳ್ಳುವ ಕಂಪನಿಯವರನ್ನು ಮೊದಲೇ ಕೇಳಿ: ಯಾರಾದರೂ ನಾನೇ ಎಂದು ಫೋನ್ ಮಾಡಿದರೆ ಏನು ಮಾಡುತ್ತೀರಿ? ಉತ್ತರ ತೃಪ್ತಿ ಕೊಡದಿದ್ದರೆ ಮುಂದಿನವರನ್ನು ನೋಡಿ. ಇದೇ ಪ್ರಶ್ನೆಯನ್ನು ನಿಮ್ಮ ಗ್ರಾಹಕರು ನಿಮಗೂ ಕೇಳಬಹುದು, ಅಲ್ವಾ?

ಹಣ ಪಡೆಯುವುದು ಪೇಮೆಂಟ್ ಗೇಟ್‌ವೇ ಮೂಲಕವೇ ಇರಲಿ. ಗ್ರಾಹಕರ ಕಾರ್ಡ್ ನಂಬರ್ ವ್ಯಾಪಾರಿಗಳು ಇಟ್ಟುಕೊಳ್ಳುವ ಹಾಗಿಲ್ಲ ಎಂಬ ರಿಸರ್ವ್ ಬ್ಯಾಂಕ್ ನಿಯಮ 2022ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ.

ಬ್ಯಾಕಪ್, ಲಾಗ್

ಬ್ಯಾಕಪ್ ಬೇರೆ ಊರಿನಲ್ಲಿರಲಿ, ಬೇರೆ ಖಾತೆಯಲ್ಲಿರಲಿ. ಎರಡೂ ಬೇಕು.

ಬೇರೆ ಊರು ಯಾಕೆ ಅನ್ನುವುದಕ್ಕೆ 2021ರ ಮಾರ್ಚ್ 10 ನೋಡಿ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಕಟ್ಟಡ ಪೂರ್ತಿ ಸುಟ್ಟುಹೋಯಿತು, ಪಕ್ಕದ್ದು ಒಂದಷ್ಟು ಸುಟ್ಟಿತು. ಬ್ಯಾಕಪ್ ಕೂಡ ಅಲ್ಲೇ ಇದ್ದವರಲ್ಲಿ ಹಲವರಿಗೆ ಏನೂ ಉಳಿಯಲಿಲ್ಲ. ಬೇರೆ ಖಾತೆ ಯಾಕೆ ಅನ್ನುವುದಕ್ಕೆ ಕೋಡ್ ಸ್ಪೇಸಸ್ ಎಂಬ ಕಂಪನಿಯ ಕಥೆ ಇದೆ. 2014ರ ಜೂನ್‌ನಲ್ಲಿ ಒಬ್ಬ ದಾಳಿಕೋರ ಅವರ ಅಮೆಜಾನ್ ಖಾತೆಯ ಕಂಟ್ರೋಲ್ ಪ್ಯಾನೆಲ್ ಹಿಡಿದು, ಸರ್ವರ್ ಜೊತೆಗೆ ಬ್ಯಾಕಪ್‌ಗಳನ್ನೂ ಅಳಿಸಿದ. ಕಂಪನಿ ಬಾಗಿಲು ಹಾಕಿತು.

ಶಿವಮೊಗ್ಗದ ಆಫೀಸು ಉಪಯೋಗಕ್ಕೆ ಬರುವುದು ಇಲ್ಲೇ. ರಾತ್ರಿ ಹೊತ್ತು ಬಿಲ್ಲಿಂಗ್ ಡೇಟಾಬೇಸ್ ಮತ್ತು ಡಿಎನ್‌ಎಸ್ ವಲಯಗಳ ಒಂದು ಪ್ರತಿ ಎನ್‌ಕ್ರಿಪ್ಟ್ ಆಗಿ ಆಫೀಸಿನ ಡಿಸ್ಕ್‌ಗೆ ಇಳಿಯಲಿ. ಕರೆಂಟ್ ಹೋಗಿ ಒಂದು ದಿನ ತಪ್ಪಿದರೂ ಮಾರನೆಯ ದಿನ ಬರುತ್ತದೆ. ಆಫೀಸಿನ ಯಂತ್ರವೇ ಹೋಗಿ ಸರ್ವರ್‌ನಿಂದ ಎಳೆದುಕೊಳ್ಳಬೇಕು. ಸರ್ವರ್‌ಗೆ ಆಫೀಸಿನ ಡಿಸ್ಕ್ ಮುಟ್ಟುವ ಅಧಿಕಾರ ಕೊಡಬೇಡಿ.

ಯಾರು ಯಾವಾಗ ಬಂದು ಏನು ಮಾಡಿದರು ಎಂದು ಸರ್ವರ್ ಬರೆದಿಡುವ ಲಾಗ್‌ಗಳಿಗೂ ಇದೇ ಮಾತು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ನುಗ್ಗಿದವನು ಮೊದಲು ಅಳಿಸುವುದು ಲಾಗನ್ನೇ. ಅದು ಅದೇ ಸರ್ವರ್‌ನಲ್ಲಿ ಮಾತ್ರ ಇದ್ದರೆ ವರದಿಯಲ್ಲಿ ಏನು ಬರೆಯುತ್ತೀರಿ?

ಈಗ ಮುಖಪುಟ

ಇಷ್ಟೆಲ್ಲ ಹೊರಗೆ ಹೋದ ಮೇಲೆ ಮುಖಪುಟವನ್ನು ಧೈರ್ಯವಾಗಿ ನಿಮ್ಮ ಸರ್ವರ್‌ನಲ್ಲಿಡಿ. ಅದೂ ನೀವು ಮಾರುವ ಪ್ಲಾನ್‌ನಲ್ಲೇ, ಗ್ರಾಹಕರ ಸೈಟ್‌ಗಳ ಜೊತೆಗೇ. ಖಾಲಿ ಸರ್ವರ್ ಒಂದರಲ್ಲಿ ನಿಮ್ಮ ಸೈಟ್ ಮಾತ್ರ ಇಟ್ಟು "ನಮ್ಮ ಸ್ಪೀಡ್ ನೋಡಿ" ಅನ್ನುವುದು ಮೋಸ. ಬಂದವರು ನೋಡುವ ವೇಗ ಅವರಿಗೆ ಸಿಗುವ ವೇಗವೇ ಆಗಿರಬೇಕು. ನಿಮಗೂ ಲಾಭವಿದೆ. ಬೆಳಗ್ಗೆ ಅಡಿಕೆ ಮಂಡಿಯವರು ರಾಶಿ ಇಡಿ, ಬೆಟ್ಟೆ, ಸರಕಿನ ಧಾರಣೆ ಹಾಕುವ ಹೊತ್ತಿಗೆ ಜನ ಮುಗಿಬಿದ್ದು ಸರ್ವರ್ ಏದುಸಿರು ಬಿಟ್ಟರೆ, ಅದು ಗ್ರಾಹಕರು ಹೇಳುವ ಮೊದಲೇ ನಿಮ್ಮ ಸೈಟಿನಲ್ಲೇ ಗೊತ್ತಾಗುತ್ತದೆ.

ಜೊತೆಗೆ ಮುಖಪುಟದ ಒಂದು ಸ್ಥಿರ ಪ್ರತಿ ಹೊರಗೆ ತಯಾರಿರಲಿ. ಪ್ಲಾನ್, ಫೋನ್ ನಂಬರ್, ಸ್ಟೇಟಸ್ ಪುಟದ ಕೊಂಡಿ ಇದ್ದರೆ ಸಾಕು. ಬಿಲ್ಲಿಂಗ್ ವಿಪಿಎಸ್‌ನಲ್ಲಿ ಇಡುವ ಮನಸ್ಸಾಗುತ್ತದೆ, ಬೇಡ, ಎರಡನೇ ನೇಮ್‌ಸರ್ವರ್ ಇರುವ ವಿಪಿಎಸ್‌ನಲ್ಲಿಡಿ. ಆಮೇಲೆ ಬ್ರೌಸರ್‌ನಲ್ಲಿ ಬೀಗದ ಗುರುತು ಬರಲು ಬೇಕಾದ ಎಸ್‌ಎಸ್‌ಎಲ್ ಪ್ರಮಾಣಪತ್ರ. ಹೆಸರು ಇನ್ನೂ ಹಳೆಯ ಸರ್ವರ್ ಕಡೆಗೇ ತೋರಿಸುತ್ತಿರುವುದರಿಂದ, ಬದಲಿ ಸರ್ವರ್‌ನಲ್ಲಿ ಉಚಿತ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಸಾಮಾನ್ಯ ಎಚ್‌ಟಿಟಿಪಿ ವಿಧಾನದಲ್ಲಿ ಪ್ರಮಾಣಪತ್ರ ನವೀಕರಣ ಆಗುವುದಿಲ್ಲ. ಡಿಎನ್‌ಎಸ್ ಮೂಲಕ ಪರಿಶೀಲಿಸುವ ವಿಧಾನ ಬಳಸಿ. ಇಲ್ಲದಿದ್ದರೆ ಬೇಕಾದ ದಿನವೇ ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸುತ್ತದೆ, ಗಾಬರಿಯಾದ ಗ್ರಾಹಕರು ಇನ್ನಷ್ಟು ಗಾಬರಿಯಾಗುತ್ತಾರೆ.

ಮುಂಗಾರಿಗೆ ಮೊದಲು ಒಮ್ಮೆ ಪರೀಕ್ಷೆ ಮಾಡಿ

ಮೇ ತಿಂಗಳ ಒಂದು ಭಾನುವಾರ ಬೆಳಗಿನ ಜಾವ ಇಟ್ಟುಕೊಳ್ಳಿ. ಗ್ರಾಹಕರ ಸೈಟ್‌ಗಳನ್ನು ಮುಟ್ಟಬೇಡಿ. ನಿಮ್ಮ ಕಂಪನಿಯ ಖಾತೆಯನ್ನು ಮಾತ್ರ ನಿಲ್ಲಿಸಿ. ಮೊದಲನೇ ನೇಮ್‌ಸರ್ವರ್‌ನ ಡಿಎನ್‌ಎಸ್ ಸೇವೆಯನ್ನೂ ಸ್ವಲ್ಪ ಹೊತ್ತು ನಿಲ್ಲಿಸಿ. ಎರಡನೆಯದು ಸರಿಯಾಗಿ ಉತ್ತರ ಕೊಡುತ್ತಿದೆ ಎಂದು ಮೊದಲೇ ನೋಡಿಕೊಂಡಿರಬೇಕು.

ಈಗ ಆಫೀಸಿನ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿ. ಆಫೀಸಿನ ಕಂಪ್ಯೂಟರ್ ಹಳೆಯ ಉತ್ತರವನ್ನು ನೆನಪಿಟ್ಟುಕೊಂಡು ದಾರಿ ತಪ್ಪಿಸುತ್ತದೆ. ಸ್ಟೇಟಸ್ ಪುಟ ತೆರೆಯುತ್ತದಾ? ಮೊಬೈಲಿನಿಂದ ಅದರಲ್ಲಿ ಒಂದು ಸಾಲು ಬರೆಯಲು ಆಗುತ್ತದಾ? ಸಪೋರ್ಟ್ ವಿಳಾಸಕ್ಕೆ ಹಾಕಿದ ಮೇಲ್ ಬರುತ್ತದಾ? ಗ್ರಾಹಕರ ಲಾಗಿನ್ ಪುಟ ಇದೆಯಾ? ಎ ರೆಕಾರ್ಡ್ ಬದಲಿಸಿ ಐದು ನಿಮಿಷ ಕಾಯಿರಿ, ಬದಲಿ ಮುಖಪುಟ ಬೀಗದ ಗುರುತಿನೊಂದಿಗೆ ತೆರೆಯಬೇಕು. ಇದನ್ನೆಲ್ಲ ಸರ್ವರ್ ಕಟ್ಟಿದವರ ಕೈಯಲ್ಲಿ ಮಾಡಿಸಬೇಡಿ. ಆಫೀಸಿನಲ್ಲಿ ಫೋನ್ ಎತ್ತುವವರ ಕೈಯಲ್ಲಿ, ನೀವು ಬರೆದಿಟ್ಟ ಹಾಳೆಯನ್ನು ನೋಡಿಕೊಂಡೇ ಮಾಡಿಸಿ. ಅವರು ಎಲ್ಲಿ ನಿಲ್ಲುತ್ತಾರೋ ಆ ಸಾಲನ್ನು ತಿದ್ದಿ.

ಮುಗಿದ ಮೇಲೆ ಡಿಎನ್‌ಎಸ್ ಸೇವೆ ಮತ್ತೆ ಶುರು ಮಾಡಿ, ಖಾತೆಯನ್ನು ಎಬ್ಬಿಸಿ, ಎ ರೆಕಾರ್ಡನ್ನು ಮೊದಲಿನ ಐಪಿಗೆ ತನ್ನಿ. ಸ್ಟೇಟಸ್ ಪುಟದಲ್ಲಿ ಹಾಕಿದ ಪರೀಕ್ಷೆಯ ಸಾಲನ್ನು ಅಳಿಸಿ. ಹಾಳೆಯ ಒಂದು ಪ್ರತಿ ಆಫೀಸಿನಲ್ಲಿರಲಿ, ಇನ್ನೊಂದು ನಿಮ್ಮ ಮನೆಯಲ್ಲಿರಲಿ.